ಮೂಲೆಯಲ್ಲಿ ಅಜ್ಜಿಯ ಹೆಸರು

ತಾತ ತೀರಿಕೊಂಡ ಮಾರನೇ ದಿನ ಮಾವ ಪೇಪರಿಗೆ ಶ್ರದ್ಧಾಂಜಲಿ ಕೊಡಲು ಕೂತರು. ಫೋಟೋ ಆರಿಸಿದ್ದಾಯಿತು. ಹೆಸರು ಬರೆದದ್ದಾಯಿತು. 1932–2024 ಅಂತ ಹಾಕಿದ್ದೂ ಆಯಿತು. ಹೆಸರಿನ ಕೆಳಗೆ ಒಂದು ಸಾಲು ಬಾಕಿ ಇತ್ತು. ಎಲ್ಲರಿಗೂ ಅಲ್ಲಿ ಏನಾದರೂ ಇರುತ್ತದೆ. ನಿವೃತ್ತ ಮುಖ್ಯೋಪಾಧ್ಯಾಯರು, ನಿವೃತ್ತ ಇಂಜಿನಿಯರ್, ಹಿರಿಯ ವಕೀಲರು. ಮಾವ ಪೆನ್ನು ಹಿಡಿದು ತುಂಬ ಹೊತ್ತು ಯೋಚಿಸಿದರು. "ಕಲಾವಿದರು ಅಂತ ಹಾಕ್ಲಾ?" ಅಂತ ಕೇಳಿದರು. ಅಮ್ಮ ಬೇಡ ಅಂದರು. "ಅಪ್ಪ ಯಾವತ್ತಾದ್ರೂ ಹಾಗೆ ಹೇಳ್ಕೊಂಡಿದ್ದುಂಟಾ? ಕೇಳಿದೋರಿಗೆಲ್ಲ ಬೋರ್ಡ್ ಬರೀತೀನಿ ಅಂತಾನೇ ಹೇಳ್ತಿದ್ರು." ಬೋರ್ಡ್ ಬರೆಯುವವರು ಅಂತ ಪೇಪರಿನಲ್ಲಿ ಹಾಕಲು ಮಾವನಿಗೆ ಮನಸ್ಸಾಗಲಿಲ್ಲ. ಕೊನೆಗೆ ಆ ಸಾಲು ಖಾಲಿಯೇ ಉಳಿಯಿತು.

ಹನ್ನೊಂದನೇ ದಿನದ ಕಾರ್ಯಕ್ಕೆ ನೆಂಟರೆಲ್ಲ ಬಂದಿದ್ದರು. ಊಟಕ್ಕೆ ಮುಂಚೆ ಹಿರಿಯರೊಬ್ಬರು ತಾತನ ಬಗ್ಗೆ ನಾಲ್ಕು ಮಾತಾಡಿದರು. ಪ್ರೀತಿಯಿಂದಲೇ ಮಾತಾಡಿದರು. "ಮದ್ರಾಸಿನಲ್ಲೇ ಇದ್ದಿದ್ರೆ ಎಲ್ಲಿಗೋ ಹೋಗಿಬಿಡ್ತಿದ್ರು. ಸಂಸಾರಕ್ಕೋಸ್ಕರ ಕಲೆಯನ್ನೇ ತ್ಯಾಗ ಮಾಡಿದ ದೊಡ್ಡ ಮನುಷ್ಯ" ಅಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಈ ಮಾತು ನಮ್ಮ ಮನೆಯಲ್ಲಿ ನಾನು ಹುಟ್ಟುವ ಮುಂಚಿನಿಂದ ಇದೆ. ಆದರೆ ಅವತ್ತು ಸುಮ್ನೆ ಆ ಕಡೆ ತಿರುಗಿದಾಗ ದೊಡ್ಡಮ್ಮನ ಮುಖ ಕಂಡಿತು. ಅವರೊಬ್ಬರೇ ತಲೆಯಾಡಿಸಲಿಲ್ಲ. ಎಲೆ ಹಾಕಬೇಕು ಅಂತ ಎದ್ದು ಒಳಗೆ ಹೋದರು.

ಅವತ್ತಿನಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ. 92 ವರ್ಷ ಬದುಕಿದ ಮನುಷ್ಯ. ಅದರಲ್ಲಿ 50 ವರ್ಷಕ್ಕಿಂತ ಜಾಸ್ತಿ ದಿನವೂ ಬ್ರಷ್ ಹಿಡಿದವರು. ಅವರು ಬಿಟ್ಟ ಕಲೆ ಯಾವುದು?

ಅಟ್ಟ, ಮನೆ, ನೆಲಮಾಳಿಗೆ

ತಾತ ಮಾಗಡಿ ಕಡೆಯ ಹಳ್ಳಿಯವರು. 1946ರಲ್ಲಿ, 14ನೇ ವಯಸ್ಸಿಗೆ, ಬೆಂಗಳೂರಿಗೆ ಬಂದು ಚಿಕ್ಕಪೇಟೆಯ ಒಬ್ಬ ಮೇಸ್ತ್ರಿಯ ಹತ್ತಿರ ಸೇರಿದರು. ಮೊದಲ ಎರಡು ವರ್ಷ ತಗಡು ಉಜ್ಜುವುದು, ರೆಡ್ ಆಕ್ಸೈಡ್ ಬಳಿಯುವುದು, ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆದು ಕೂದಲು ಗಟ್ಟಿಯಾಗದ ಹಾಗೆ ಕೊಬ್ಬರಿ ಎಣ್ಣೆ ಸವರಿಡುವುದು, ಇಷ್ಟೇ ಕೆಲಸ. ಸಂಜೆ ಎಲ್ಲ ಮುಗಿದ ಮೇಲೆ ಹಳೇ ತಗಡಿನ ಮೇಲೆ ಸೊನ್ನೆ ಬರೆಯಬೇಕು. ಬರೀ ಸೊನ್ನೆ. ಎಡದಿಂದ ಶುರು ಮಾಡಿ ಒಂದೇ ಉಸಿರಿಗೆ ಸುತ್ತಿ ಬಂದು, ಸೇರಿದ ಜಾಗ ಎಲ್ಲಿ ಅಂತ ಗೊತ್ತಾಗಬಾರದು. ಸೊನ್ನೆ ಕೂತ ಕೈಗೆ ಕನ್ನಡ ತಾನಾಗಿ ಬರುತ್ತದೆ ಅಂತ ಮೇಸ್ತ್ರಿ ಹೇಳುತ್ತಿದ್ದರಂತೆ.

ನನಗೆ ಎಂಟು ವರ್ಷ ಇದ್ದಾಗ ಬೇಸಿಗೆ ರಜದಲ್ಲಿ ಶ್ರೀನಗರದ ಮನೆಯ ತಾರಸಿಯ ಮೇಲೆ ನನಗೂ ಅದೇ ಪಾಠವಾಯಿತು. ಬಿಸಿಲು ಏರುವ ಮುಂಚೆ, ಬೆಳಗ್ಗೆ ಏಳು ಗಂಟೆಗೆ. ನೀರಿನ ಟ್ಯಾಂಕಿನ ನೆರಳಲ್ಲಿ ತಾತ ಮಣೆ ಹಾಕಿಕೊಂಡು ಕೂರುತ್ತಿದ್ದರು. ನನ್ನ ಮುಂದೆ ಒಂದು ತಗಡು, ಒಂದು ಡಬ್ಬಿಯಲ್ಲಿ ಬಣ್ಣದ ನೀರು. ಒಂದು ವಾರ ಸೊನ್ನೆ ಬರೆಸಿದರು. ನಾನು ಅತ್ತೆ. ಎಂಟನೇ ದಿನ ನನ್ನ ಒಂದು ಸೊನ್ನೆಯನ್ನು ಬೆರಳಲ್ಲಿ ತೋರಿಸಿ "ಇದು" ಅಂದರು. ಅದಕ್ಕೆ ತಲೆಕಟ್ಟು ಹಾಕಿದರು. ರ ಆಯಿತು. ಅದರ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರು. ಠ ಆಯಿತು. ಶಾಲೆಯಲ್ಲಿ ಅ ಇಂದ ಳ ತನಕ ಕಲಿತಿದ್ದೆ, ಆದರೆ ಒಂದು ಅಕ್ಷರದೊಳಗಿಂದ ಇನ್ನೊಂದು ಅಕ್ಷರ ಹುಟ್ಟುವುದನ್ನು ಮೊದಲ ಸಲ ನೋಡಿದ್ದು ಅವತ್ತು.

ಕನ್ನಡಕ್ಕೆ ಜಾಗ ಬೇಕು ಅನ್ನುವುದು ತಾತ ಜೀವನಪೂರ್ತಿ ಹೇಳಿದ ಮಾತು. ಬೋರ್ಡಿನ ಇಂಗ್ಲಿಷೆಲ್ಲ ದೊಡ್ಡಕ್ಷರ. ಮೇಲೊಂದು ಗೆರೆ, ಕೆಳಗೊಂದು ಗೆರೆ, ಅಷ್ಟರೊಳಗೆ ಎಲ್ಲ ಮುಗಿಯುತ್ತದೆ. ಕನ್ನಡ ಹಾಗಲ್ಲ. "ಅದಕ್ಕೆ ಅಟ್ಟ ಬೇಕು, ಮನೆ ಬೇಕು, ನೆಲಮಾಳಿಗೆ ಬೇಕು" ಅನ್ನುತ್ತಿದ್ದರು. ಅಟ್ಟದಲ್ಲಿ ಗುಡಿಸು, ಏತ್ವ, ಓತ್ವ. ಮನೆಯಲ್ಲಿ ಅಕ್ಷರ. ನೆಲಮಾಳಿಗೆಯಲ್ಲಿ ಒತ್ತು. ಎರಡು ಅಡಿ ಎತ್ತರದ ತಗಡಿನಲ್ಲಿ ನಡುವಿನ ಅಕ್ಷರಕ್ಕೆ ಒಂದಡಿ ಸಿಕ್ಕರೆ ಹೆಚ್ಚು. ಅಂಗಡಿಯವರು ಅಕ್ಷರ ಇನ್ನೂ ದೊಡ್ಡದು ಮಾಡಿ ಅನ್ನುತ್ತಾರೆ. ದೊಡ್ಡದು ಮಾಡಿದರೆ ಒತ್ತು ತಗಡಿನ ಅಂಚಿಗೆ ತಾಗಿ ಉಸಿರು ಕಟ್ಟುತ್ತದೆ. ಇದರಲ್ಲಿ ಒಂದು ವಿಚಿತ್ರವೂ ಇದೆ. ನಮ್ಮ ಅಂಗಡಿಗಳ ಹೆಸರಿನಲ್ಲಿ ಒತ್ತು ಜಾಸ್ತಿ ಬರುವುದು ಇಂಗ್ಲಿಷ್ ಪದಗಳಿಂದ. ಸ್ಟೋರ್ಸ್ ಅನ್ನುವ ಒಂದು ಪದ ತೆಗೆದುಕೊಳ್ಳಿ. ಸಕ್ಕೆ ಟ ಒತ್ತು, ಮೇಲೆ ಓತ್ವ, ಪಕ್ಕದಲ್ಲಿ ದೀರ್ಘ, ಕೊನೆಯಲ್ಲಿ ಅರ್ಕಾವತ್ತು. ಪೇಟೆಯಲ್ಲಿ ಆ ಪದವನ್ನು ಎಷ್ಟು ಸಾವಿರ ಸಲ ಬರೆದಿದ್ದರೋ. ಆದರೂ ಪ್ರತಿ ಸಲ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡೇ ಬರೆಯುತ್ತಿದ್ದರು.

ಪೇಟೆಯ ಗೋಡೆಯ ಮೇಲೆ

ಬೆಂಗಳೂರು ಬದಲಾದದ್ದನ್ನು ತಾತ ತಗಡಿನ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದರು. 1957ರ ಏಪ್ರಿಲ್ 1ಕ್ಕೆ ಹೊಸ ನಾಣ್ಯ ಬಂತು. ಹೋಟೆಲಿನ ತಿಂಡಿ ದರದ ಬೋರ್ಡುಗಳಲ್ಲಿ ಎರಡು ಆಣೆ ಅಂತ ಇದ್ದ ಕಡೆ 12 ನಯಾ ಪೈಸೆ ಅಂತ ಬರೆಯಬೇಕಾಯಿತು. ಲೆಕ್ಕ ಮಾಡಿದರೆ ಹನ್ನೆರಡೂವರೆ. ಆ ಅರ್ಧ ಪೈಸೆ ಎಲ್ಲಿ ಹೋಯಿತು ಅಂತ ಗಿರಾಕಿಗಳು ಬಣ್ಣ ಬಳಿಯುತ್ತಿದ್ದ ತಾತನನ್ನೇ ಕೇಳುತ್ತಿದ್ದರಂತೆ. ಆಮೇಲೆ 1973ರ ನವೆಂಬರ್ 1. ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂತು. ಒಬ್ಬ ಕಂಟ್ರಾಕ್ಟರ್ ಮೂಲಕ ತಾತನಿಗೆ ಸರ್ಕಾರಿ ಕಚೇರಿಗಳ ಬೋರ್ಡ್ ಬದಲಿಸುವ ಕೆಲಸ ಸಿಕ್ಕಿತು. ಬೆಳಗಿನಿಂದ ಸಂಜೆ ತನಕ ಕರ್ನಾಟಕ, ಕರ್ನಾಟಕ, ಕರ್ನಾಟಕ. ಅರ್ಕಾವತ್ತನ್ನು ಒಂಬತ್ತರ ಹಾಗೆ ಬರೆಯಬಾರದು, ಅದರ ಬಾಲ ಅಕ್ಷರದ ಕಡೆ ವಾಲಿರಬೇಕು ಅನ್ನುವುದನ್ನು ಅವರು ಗಟ್ಟಿ ಮಾಡಿಕೊಂಡದ್ದು ಆಗಲೇ. ರಾತ್ರಿ ನಿದ್ದೆಯಲ್ಲೂ ಬಲಗೈ ಬೆರಳು ಆಡಿಸುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. 1982ರ ಗೋಕಾಕ್ ಚಳವಳಿಯ ಮೇಲೆ ಇಂಗ್ಲಿಷ್ ಬೋರ್ಡಿಗೆ ಕನ್ನಡ ಸೇರಿಸಿಕೊಡಿ ಅಂತ ಬರುವವರು ಜಾಸ್ತಿಯಾದರು. ಶ್ರೀನಗರದ ಸೈಟಿಗೆ ಮುಂಗಡ ಕೊಟ್ಟದ್ದು ಆ ದುಡ್ಡಿನಲ್ಲಿ.

ಅದಕ್ಕೂ ಮುಂಚೆ ಎಲ್ಲರೂ ಇದ್ದದ್ದು ಕಾಟನ್‌ಪೇಟೆಯ ಒಂದು ವಠಾರದಲ್ಲಿ. ಎರಡು ಕೋಣೆ, ಮೂರು ಮಕ್ಕಳು. ನಾನು ಆ ಮನೆ ನೋಡಿಲ್ಲ, ಆದರೆ ಅಮ್ಮನಿಂದ ಕೇಳಿ ಕೇಳಿ ಅದರ ವಾಸನೆಯೂ ಗೊತ್ತು ಅನ್ನಿಸುತ್ತದೆ. ಟರ್ಪೆಂಟೈನ್, ಸೀಮೆಎಣ್ಣೆ, ಒಲೆಯ ಮೇಲಿನ ಹುಳಿ. ಬರೆದ ತಗಡುಗಳನ್ನು ವಠಾರದ ನಡುವಂಗಳದಲ್ಲಿ ಗೋಡೆಗೆ ಒರಗಿಸಿ ಒಣಗಿಸುತ್ತಿದ್ದರು. ಮೋಡ ಕಂಡರೆ ವಠಾರದ ಎಲ್ಲ ಮನೆಯವರೂ ಓಡಿ ಬಂದು ಒಂದೊಂದು ತಗಡು ಎತ್ತಿ ತಮ್ಮ ತಮ್ಮ ಜಗುಲಿಯಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ಯಾರೂ ಕೂಗಿ ಕರೆಯಬೇಕಿರಲಿಲ್ಲ.

ಗೆರೆ ಹಾಕುವುದು ಮಾತ್ರ ಮನೆಯವರದೇ ಕೆಲಸ. ದಾರಕ್ಕೆ ನೀಲಿ ಪುಡಿ ಸವರುವುದು. ಒಂದು ತುದಿ ತಾತನ ಕೈಯಲ್ಲಿ, ಇನ್ನೊಂದು ಅಜ್ಜಿಯ ಕೈಯಲ್ಲಿ. ತಗಡಿನ ಮೇಲೆ ಬಿಗಿಯಾಗಿ ಎಳೆದು ಹಿಡಿದರೆ ಮಕ್ಕಳಲ್ಲಿ ಒಬ್ಬರು ನಡುವೆ ಮೀಟಬೇಕು. ಟಪ್ ಅಂತ ಗೆರೆ ಬೀಳುತ್ತಿತ್ತು. ಯಾರ ಸರದಿ ಅಂತ ಮೂವರಿಗೂ ಜಗಳ. ಬರೆದು ಮುಗಿದ ಮೇಲೆ ಅಜ್ಜಿ ಹೊಸ್ತಿಲ ಹತ್ತಿರ ನಿಂತು ದೂರದಿಂದ ನೋಡುತ್ತಿದ್ದರು. ದಿನಾ ಬೆಳಗ್ಗೆ ಚುಕ್ಕೆ ಇಟ್ಟು ರಂಗೋಲಿ ಹಾಕಿದ ಕಣ್ಣು ಅದು. "ಆ ಲ ಎಡಕ್ಕೆ ವಾಲಿದೆ" ಅಂದರೆ ವಾಲಿರುತ್ತಿತ್ತು. ತಾತ ಮರುಮಾತಾಡದೆ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯುತ್ತಿದ್ದರು. ಅಜ್ಜಿ ನೋಡದ ಬೋರ್ಡ್ ಅಂಗಡಿಗೆ ಹೋಗುತ್ತಿರಲಿಲ್ಲ.

1956ರಲ್ಲಿ ಸ್ವಂತ ಕೆಲಸ ಶುರು ಮಾಡಿ ಬಿಲ್ ಪುಸ್ತಕ ಅಚ್ಚು ಹಾಕಿಸಲು ಹೋದಾಗ ಪ್ರೆಸ್ಸಿನವರು ಏನು ಹೆಸರು ಅಂತ ಕೇಳಿದರಂತೆ. ತಾತ ಅಜ್ಜಿಯ ಹೆಸರು ಹೇಳಿ, ಅದರ ಮುಂದೆ ಆರ್ಟ್ಸ್ ಅಂತ ಸೇರಿಸಿದರು. ಆಗ ಮದುವೆಯಾಗಿ ಒಂದು ವರ್ಷ. ಅಲ್ಲಿಂದ ಮುಂದೆ ಪ್ರತಿ ಬೋರ್ಡಿನ ಬಲಗಡೆ ಕೆಳಮೂಲೆಯಲ್ಲಿ ಕಡಲೆಕಾಳಿನಷ್ಟು ಚಿಕ್ಕ ಅಕ್ಷರದಲ್ಲಿ ಅದೇ ಹೆಸರು. ಅಜ್ಜಿಗೆ ಮೊದಮೊದಲು ಇದರಿಂದ ತುಂಬ ಸಂಕೋಚವಾಗುತ್ತಿತ್ತು. ತರಕಾರಿಗೆ ಹೋದರೆ ತನ್ನ ಹೆಸರು, ದೇವಸ್ಥಾನಕ್ಕೆ ಹೋದರೆ ತನ್ನ ಹೆಸರು. ಒಂದು ಸಲ ಹೆಂಡದಂಗಡಿಯ ಬೋರ್ಡಿನಲ್ಲೂ ತನ್ನ ಹೆಸರು ಕಂಡು ಮನೆಗೆ ಬಂದು ಎರಡು ದಿನ ತಾತನ ಹತ್ತಿರ ಮಾತು ಬಿಟ್ಟರಂತೆ. ತಾತ ಆ ಬೋರ್ಡಿನ ಮೂಲೆಗೆ ಬಣ್ಣ ಬಳಿದು ಬಂದರು. ಆಮೇಲೆ ಅಂಥ ಅಂಗಡಿಗೆ ಬರೆದಾಗಲೆಲ್ಲ ಮೂಲೆ ಖಾಲಿ. ಅವರ ಸ್ವಂತ ಹೆಸರು ಮಾತ್ರ ಈ ಊರಿನ ಯಾವ ಗೋಡೆಯ ಮೇಲೂ ಇಲ್ಲ.

ಕಷ್ಟ ಇರಲಿಲ್ಲ ಅಂತಲ್ಲ. ಬೋರ್ಡ್ ಮೇಲೇರಿದ ಮೇಲೆ ದುಡ್ಡು ಕೊಡಲು ಓಡಾಡಿಸುವವರೇ ಹೆಚ್ಚು. ಆಷಾಢದಲ್ಲಿ ಯಾರೂ ಹೊಸ ಅಂಗಡಿ ತೆರೆಯುವುದಿಲ್ಲ. ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮ್ ಎಲ್ಲ ಬರುವುದು ಅದೇ ಹೊತ್ತಿಗೆ. ಅಜ್ಜಿಯ ಓಲೆ ಪ್ರತಿ ವರ್ಷ ಆಷಾಢಕ್ಕೆ ಗಿರವಿ ಅಂಗಡಿಗೆ ಹೋಗಿ ಶ್ರಾವಣಕ್ಕೆ ವಾಪಸ್ಸು ಬರುತ್ತಿತ್ತು. ಕೆಲಸವಿಲ್ಲದ ಆ ದಿನಗಳಲ್ಲಿ ತಾತ ಮನೆಯ ಗೋಡೆಗೆ ಮಕ್ಕಳಿಗೋಸ್ಕರ ಮಗ್ಗಿ ಬರೆದರು. 2 ರಿಂದ 20 ರ ತನಕ, ಕಪ್ಪು ಅಕ್ಷರ, ಕೆಂಪು ಶೇಡ್. ಆ ಗೋಡೆ ನೋಡಿ ವಠಾರದ ಮಕ್ಕಳೆಲ್ಲ ಮಗ್ಗಿ ಕಲಿತರು.

1975

ತಾತ ಏಣಿಯಿಂದ ಬಿದ್ದದ್ದು 1975ರಲ್ಲಿ, ಅವೆನ್ಯೂ ರಸ್ತೆಯಲ್ಲಿ. ಬಲಗಾಲು ಮುರಿಯಿತು. ಮೂರು ತಿಂಗಳು ಮಂಚ. ಎರಡು ಕೆಲಸಕ್ಕೆ ಮುಂಗಡ ತೆಗೆದುಕೊಂಡಿದ್ದರು, ಆ ದುಡ್ಡು ಖರ್ಚಾಗಿತ್ತು. ಒಂದು ತಗಡು, ಅದನ್ನು ಮನೆಯಲ್ಲೇ ಹೇಗೋ ಕೂತು ಬರೆದರು. ಇನ್ನೊಂದು ಚಿಕ್ಕಪೇಟೆಯ ಒಳಗಲ್ಲಿಯ ಬಟ್ಟೆ ಅಂಗಡಿ. ಬಾಗಿಲ ಮೇಲಿನ ಗೋಡೆಗೇ ಬರೆಯಬೇಕಿತ್ತು. ಅಂಗಡಿಯವರು ಬೇರೆಯವರನ್ನು ನೋಡಿಕೊಳ್ಳುತ್ತೇವೆ, ದುಡ್ಡು ವಾಪಸ್ಸು ಕೊಡಿ ಅಂದರು.

ಆಗ ದೊಡ್ಡಮ್ಮನಿಗೆ 17 ವರ್ಷ. ಪಿಯುಸಿ ಓದುತ್ತಿದ್ದರು. "ನಾನು ಬರೀತೀನಿ" ಅಂದರು. ತಾತ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಮಂಚವನ್ನು ನಡುವಂಗಳಕ್ಕೆ ತರಿಸಿದರು. ನೆಲದ ಮೇಲೆ ಅಂಗಡಿಯ ಹೆಸರನ್ನು ಗೋಡೆಯ ಅಳತೆಯಲ್ಲೇ ಸೀಮೆಸುಣ್ಣದಲ್ಲಿ ಬರೆಸಿದರು. ಹೆಸರಿನಲ್ಲಿ ಟೆಕ್ಸ್‌ಟೈಲ್ಸ್ ಇತ್ತು. ಏತ್ವ, ಐತ್ವ, ಎರಡು ಕಡೆ ಸ ಒತ್ತು. ಮಂಚದ ಮೇಲೆ ಮಲಗಿಕೊಂಡು, ಕೈ ಊರಿ ಬರೆಯುವ ಕೋಲಿನ ತುದಿಯಿಂದ ತಾತ ತೋರಿಸುವುದು. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಅಳಿಸುವುದು, ಮತ್ತೆ ಬರೆಯುವುದು. ವಠಾರದವರು ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ನಾಲ್ಕು ದಿನ ಹೀಗೇ ನಡೆಯಿತು. ಆಗ ಅಮ್ಮನಿಗೆ 11 ವರ್ಷ. "ಅಕ್ಕ ಒಂದು ಸಲವೂ ಅಳಲಿಲ್ಲ. ಅಪ್ಪ ಒಂದು ಸಲವೂ ಗದರಲಿಲ್ಲ. ಇಬ್ರೂ ಊಟ ಮರ್ತಿದ್ರು" ಅಂತ ಅಮ್ಮ ಹೇಳುತ್ತಾರೆ.

ಮೂರು ಭಾನುವಾರ, ಪೇಟೆ ಎಚ್ಚರಾಗುವ ಮುಂಚೆ, ಅಜ್ಜಿ ಮತ್ತು ದೊಡ್ಡಮ್ಮ ಹೋದರು. ಮಾವ ಆಗ ಚಿಕ್ಕ ಹುಡುಗ, ಬಣ್ಣದ ಡಬ್ಬಿ ಹೊತ್ತುಕೊಂಡು ಹಿಂದೆ. ಅಜ್ಜಿ ಏಣಿ ಹಿಡಿದು ನಿಂತರು. ದೊಡ್ಡಮ್ಮ ಮೇಲೆ ಹತ್ತಿದರು. ಹಸಿರು ಅಕ್ಷರ, ಕಪ್ಪು ಶೇಡ್. ಕಾಲು ಸರಿಹೋದ ಮೇಲೆ ತಾತ ಹೋಗಿ ನೋಡಿ ಬಂದರು. ಮನೆಗೆ ಬಂದು "ಹೂಂ" ಅಂದರು, ಅಷ್ಟೇ.

ಅದಾಗಿ ಮೂರು ವರ್ಷಕ್ಕೆ ದೊಡ್ಡಮ್ಮನ ಮದುವೆಯಾಯಿತು. ಶಿವಮೊಗ್ಗಕ್ಕೆ ಹೋದರು. ಅಲ್ಲಿ ಪ್ರೈಮರಿ ಶಾಲೆಯಲ್ಲಿ ಟೀಚರ್ ಆದರು. ಮತ್ತೆ ಯಾವತ್ತೂ ಬಣ್ಣದ ಬ್ರಷ್ ಮುಟ್ಟಲಿಲ್ಲ. ಯಾಕೆ ಅಂತ ಒಂದು ಸಲ ಅಮ್ಮನನ್ನು ಕೇಳಿದ್ದೆ. "ಹೆಣ್ಣುಮಗಳು ಏಣಿ ಹತ್ತಿ ಬೋರ್ಡ್ ಬರೀತಾಳೆ ಅಂದ್ರೆ ಆಗೆಲ್ಲ ಯಾರು ಒಪ್ತಿದ್ರು?" ಅಂದರು. ಅದು ನಿಜವಿರಬಹುದು. ಆದರೆ ತಾತ ಒಂದು ಮಾತು ಹೇಳಬಹುದಿತ್ತಲ್ವಾ? ನಿನ್ನ ಕೈ ಚೆನ್ನಾಗಿದೆ, ಬಿಡಬೇಡ ಅಂತ. ತಾತನ ಮೇಲೆ ನನಗಿರುವ ಬೇಸರ ಇದೊಂದೇ. ಅವರಿದ್ದಾಗ ಕೇಳಲಿಲ್ಲ. ಸಂಸಾರಕ್ಕೋಸ್ಕರ ಕಲೆ ಬಿಟ್ಟವರು ಅಂತ ನಮ್ಮ ಮನೆಯಲ್ಲಿ ಯಾರನ್ನಾದರೂ ಕರೆಯಬೇಕಾದರೆ ಅದು ದೊಡ್ಡಮ್ಮನನ್ನು. ಅವತ್ತು ಅವರು ಎಲೆ ಹಾಕಲು ಎದ್ದು ಹೋದದ್ದು ಇದಕ್ಕೇ ಇರಬೇಕು ಅಂತ ನನಗೆ ಆಮೇಲೆ ಹೊಳೆಯಿತು.

ಮದ್ರಾಸು

ತಾತ ಮದ್ರಾಸಿಗೆ ಹೋದದ್ದು 1959ರಲ್ಲಿ. ಆಗ ಕನ್ನಡ ಸಿನಿಮಾಗಳೆಲ್ಲ ಹೆಚ್ಚಾಗಿ ಅಲ್ಲೇ ತಯಾರಾಗುತ್ತಿದ್ದವು. ಸಿನಿಮಾ ಬ್ಯಾನರ್ ಬರೆಯುವ ದೊಡ್ಡ ಶೆಡ್ಡಿನಲ್ಲಿ ಕೆಲಸ. ಎಂಟು ತಿಂಗಳಿಗೆ ವಾಪಸ್ಸು ಬಂದರು. ಮನೆಯ ಕಥೆ ಹೇಳುವುದು ಹೀಗೆ: ಇಲ್ಲಿ ಎಳೇ ಮಗು, ಒಬ್ಬಳೇ ಹೆಂಡತಿ, ಕರುಳು ಎಳೆಯಿತು, ಕಲೆಯನ್ನು ಬಿಟ್ಟು ಬಂದರು.

2015ರಲ್ಲಿ ಒಂದು ಸಂಜೆ ನಾನು ಅವರನ್ನೇ ಕೇಳಿದೆ. ಕರೆಂಟ್ ಹೋಗಿತ್ತು. ಇಬ್ಬರೇ ಜಗುಲಿಯಲ್ಲಿ ಕೂತಿದ್ದೆವು. "ಮುಖ ಎಲ್ಲಾ ಮೇಸ್ತ್ರಿ ಬರೀತಿದ್ರು ಪುಟ್ಟಿ. ನಂಗೆ ಕೊಡ್ತಿದ್ದದ್ದು ಬಟ್ಟೆ, ಹಿಂದಿನ ಬಣ್ಣ. ಎಂಟು ತಿಂಗ್ಳು ಸೀರೆ ನೆರಿಗೆ ಬರೆದೆ. ಅಕ್ಷರ ಬರೆಯೋದು ಸಿಕ್ಕಿದ್ರೆ ಅಲ್ಲೇ ಉಳೀತಿದ್ನೇನೋ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಮ್ ದೊಡ್ಡಮ್ಮ ನಡೆಯೋಕೆ ಶುರು ಮಾಡಿದ್ಳು ಅಂತ ಕಾಗದ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ಅದೂ ಉಂಟು." ಎರಡೂ ಕಾರಣ ಹೇಳಿದರು. ಯಾವುದು ಹೆಚ್ಚು, ಯಾವುದು ಕಡಿಮೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಾವು ಕಲಾವಿದರು ಅಂದ ತಕ್ಷಣ ಒಂದು ಥರದ ಮನುಷ್ಯರನ್ನು ನೆನೆಸಿಕೊಳ್ಳುತ್ತೇವೆ. ನಮ್ಮ ಊರಿನಲ್ಲಿ ಅದಕ್ಕೆ ಕೆ. ವೆಂಕಟಪ್ಪನವರಿದ್ದಾರೆ. ಮದುವೆಯಾಗಲಿಲ್ಲ. ಚಿತ್ರ, ವೀಣೆ, ಅಷ್ಟನ್ನೇ ತಪಸ್ಸಿನ ಹಾಗೆ ಮಾಡಿಕೊಂಡು 1965ರಲ್ಲಿ ತೀರಿಕೊಂಡರು. ತಾತನಿಗೆ ಅವರೆಂದರೆ ಬಹಳ ಗೌರವ. ನಾನು ಹೈಸ್ಕೂಲಿನಲ್ಲಿದ್ದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಕರೆದುಕೊಂಡು ಹೋಗಿದ್ದರು. ಊಟಿಯ ಜಲವರ್ಣ ಚಿತ್ರಗಳ ಮುಂದೆ ಚಪ್ಪಲಿ ಬಿಟ್ಟು ನಿಂತರು. ಅಲ್ಲಿ ಚಪ್ಪಲಿ ಬಿಡಬೇಕಂತೇನೂ ಇರಲಿಲ್ಲ. ಮಂಜಿನೊಳಗೆ ಮರ ಕರಗಿಹೋಗುವ ಅಂಚನ್ನು ಬೆರಳು ಮುಟ್ಟಿಸದೆ ಗಾಳಿಯಲ್ಲೇ ತೋರಿಸಿ, "ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿತ್ತು ಇವರಿಗೆ" ಅಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ತಾನು ಹಾಗೆ ಆಗಲಿಲ್ಲ ಅನ್ನುವ ಕೊರಗಿನ ಮಾತು ಒಂದೂ ಬರಲಿಲ್ಲ. ಮಾರನೇ ದಿನ ಒಂದು ಮೆಡಿಕಲ್ ಶಾಪಿನ ಬೋರ್ಡ್ ಇತ್ತು. ಅದರಲ್ಲಿ ಡ ಅಕ್ಷರವನ್ನು ಎಲ್ಲಿ ನಿಲ್ಲಿಸಬೇಕು ಅಂತ ಯೋಚಿಸುತ್ತಿದ್ದರು.

ಕನ್ನಡದಲ್ಲಿ ನಾವು ಚಿತ್ರವನ್ನೂ ಬರೆಯುತ್ತೇವೆ, ಅಕ್ಷರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು. ಬೋರ್ಡ್ ಬರೀತೀನಿ ಅಂತ ತಾತ ಹೇಳಿದಾಗ ಅವರು ತಮ್ಮನ್ನು ಚಿಕ್ಕದು ಮಾಡಿಕೊಂಡು ಹೇಳುತ್ತಿದ್ದಾರೆ ಅಂತ ನಾವು ತಿಳಿದುಕೊಂಡೆವು. ನನಗೀಗ ಹಾಗನ್ನಿಸುವುದಿಲ್ಲ.

ಫ್ಲೆಕ್ಸ್ ಬಂದ ಮೇಲೆ

2000ದ ಆಸುಪಾಸಿನಲ್ಲಿ ಫ್ಲೆಕ್ಸ್ ಬಂತು. ಮೂರು ದಿನದ ಕೆಲಸ ಅರ್ಧ ಗಂಟೆಗೆ ಮುಗಿಯತೊಡಗಿತು. 2003ರಲ್ಲಿ, 71ನೇ ವಯಸ್ಸಿಗೆ, ತಾತ ಅಂಗಡಿ ಮುಚ್ಚಿದರು. ಏಣಿಯನ್ನು ಮಾರಿದರು. ಬ್ರಷ್‌ಗಳನ್ನು ಮಾರಲಿಲ್ಲ. ಪ್ರತಿ ಆಯುಧಪೂಜೆಗೆ ಅವನ್ನು ತೊಳೆದು, ಸಾಲಾಗಿ ಜೋಡಿಸಿ, ಕುಂಕುಮ ಇಟ್ಟು ಪೂಜೆ ಮಾಡುವುದು ಕೊನೆಯ ವರ್ಷದ ತನಕ ನಡೆಯಿತು. 2011ರಲ್ಲಿ ಅಜ್ಜಿ ಹೋದ ವರ್ಷ ಮಾತ್ರ ಮಾಡಲಿಲ್ಲ.

ಮನೆ ಹತ್ತಿರ ಒಂದು ಫ್ಲೆಕ್ಸ್ ಅಂಗಡಿ ಇದೆ. ತಾತ ಸಂಜೆ ವಾಕಿಂಗ್ ಹೋದವರು ಅಲ್ಲಿ ಹೋಗಿ ಕೂರುತ್ತಿದ್ದರು. ಕಂಪ್ಯೂಟರ್ ಮುಂದೆ ಕೂತ ಹುಡುಗ ಹೆಸರು ಟೈಪ್ ಮಾಡಿ, ಜಾಗ ತುಂಬಲಿ ಅಂತ ಅಕ್ಷರವನ್ನು ಎರಡೂ ಕಡೆ ಎಳೆಯುತ್ತಿದ್ದ. ತಾತನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. "ರಬ್ಬರಲ್ಲ ಕಣಪ್ಪ ಅದು. ಎಳೀಬೇಡ. ಚಿಕ್ಕದು ಮಾಡು, ಸುತ್ತ ಜಾಗ ಬಿಡು." ಹುಡುಗ ಮೊದಲು ನಕ್ಕ. ಆಮೇಲೆ ಕೇಳತೊಡಗಿದ. ಕಾಗುಣಿತ ತೋರಿಸತೊಡಗಿದ. ಹತ್ತು ವರ್ಷ ಹತ್ತಿರ ಹತ್ತಿರ, ಆ ಅಂಗಡಿಯಿಂದ ಹೊರಬಿದ್ದ ಹುಟ್ಟುಹಬ್ಬ, ಗಣೇಶೋತ್ಸವ, ಶ್ರದ್ಧಾಂಜಲಿಗಳನ್ನೆಲ್ಲ ತಾತ ಓದಿ ತಿದ್ದಿದ್ದಾರೆ. ಸಂಬಳವಿಲ್ಲ, ಒಂದು ಲೋಟ ಟೀ. ತಾತ ಹೋದ ದಿನ ಬೀದಿಯ ತುದಿಯಲ್ಲಿ ಅವರ ಫೋಟೋದ ಫ್ಲೆಕ್ಸ್ ಕಟ್ಟಿದ್ದು ಆ ಹುಡುಗನೇ. ಹೆಸರನ್ನು ಎಳೆದಿರಲಿಲ್ಲ. ಒತ್ತಿನ ಕೆಳಗೆ ಬೇಕಾದಷ್ಟು ಜಾಗ ಬಿಟ್ಟಿದ್ದ.

ಚಿಕ್ಕಪೇಟೆಯ ಒಳಗಲ್ಲಿ

2024ರ ಫೆಬ್ರವರಿಯಲ್ಲಿ ಊರಿಡೀ ಬೋರ್ಡ್ ಬದಲಾಗುತ್ತಿದ್ದದ್ದು ಎಲ್ಲರಿಗೂ ನೆನಪಿರಬೇಕು. ಅಂಗಡಿ ಬೋರ್ಡಿನಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕು ಅಂತ ಆದೇಶ, 28ನೇ ತಾರೀಖಿನೊಳಗೆ. ಆ ತಿಂಗಳು ವಾರಕ್ಕೊಮ್ಮೆ ತಾತನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಬುಲ್ ಟೆಂಪಲ್ ರಸ್ತೆ, ಡಿವಿಜಿ ರಸ್ತೆ ದಾಟುವಾಗ ಆಟೋದಿಂದ ಕತ್ತು ಹೊರಗೆ ಹಾಕಿ ಪ್ರತಿ ಬೋರ್ಡನ್ನೂ ಓದುತ್ತಿದ್ದರು. ಕನ್ನಡ ದೊಡ್ಡದಾಗಿ ಬಂದದ್ದಕ್ಕೆ ಖುಷಿ. ಆದರೆ ಹಳೇ ಬೋರ್ಡಿನ ಮೇಲ್ಗಡೆ ಪಟ್ಟಿಯಂಥ ಜಾಗದಲ್ಲಿ ಕನ್ನಡ ತುರುಕಿ ಒತ್ತಿನ ಕಾಲು ಕತ್ತರಿಸಿದ್ದನ್ನು ಕಂಡರೆ "ಅಯ್ಯೋ" ಅಂತ ಕೈ ಎತ್ತುತ್ತಿದ್ದರು. ನಿಜವಾಗಿ ನೋವಾದವರ ದನಿ ಅದು. ಕೈ ಆಗಲೇ ನಡುಗುತ್ತಿತ್ತು.

ಅದೇ ತಿಂಗಳ ಮೂರನೇ ವಾರ ಸೀರೆ ತರಲು ಚಿಕ್ಕಪೇಟೆಗೆ ಹೋಗಿದ್ದೆ. ಒಂದು ಒಳಗಲ್ಲಿಯಲ್ಲಿ ಬಟ್ಟೆ ಅಂಗಡಿಯವರು ಫ್ಲೆಕ್ಸ್ ಬೋರ್ಡ್ ಬಿಚ್ಚಿಸಿದ್ದರು. ಅದರ ಹಿಂದಿನ ತುಕ್ಕು ಹಿಡಿದ ತಗಡನ್ನೂ ಇಳಿಸಿ ಗೋಡೆಗೆ ಒರಗಿಸಿದ್ದರು. ಎಲ್ಲದರ ಹಿಂದೆ ಗೋಡೆಯ ಮೇಲೆ ಹಸಿರು ಅಕ್ಷರ. ಅಲ್ಲಲ್ಲಿ ಗಾರೆ ಉದುರಿತ್ತು. ಅಂಗಡಿಯ ಹೆಸರಿನ ಅರ್ಧ ಹೋಗಿತ್ತು. ಟೆಕ್ಸ್‌ಟೈಲ್ಸ್ ಪೂರ್ತಿ ಇತ್ತು. ಬಲಮೂಲೆಯಲ್ಲಿ ಅಜ್ಜಿಯ ಹೆಸರು. ನಾನು ರಸ್ತೆಯ ನಡುವೆ ನಿಂತುಬಿಟ್ಟೆ. ಹಿಂದಿನಿಂದ ತಳ್ಳುಗಾಡಿಯವರು ಕೂಗುತ್ತಿದ್ದರು. ಐದಾರು ಫೋಟೋ ತೆಗೆದುಕೊಂಡೆ.

ಸಂಜೆ ತಾತನ ಪಕ್ಕ ಕೂತು ಫೋನಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡರು. ಮೊದಲು ಮೂಲೆ ನೋಡಿದರು. ಆಮೇಲೆ ಅಕ್ಷರ ದೊಡ್ಡದು ಮಾಡು ಅಂದರು. ತುಂಬ ಹೊತ್ತು ನೋಡಿದರು.

"ಇದು ನಂದಲ್ಲ ಪುಟ್ಟಿ."

"ಅಜ್ಜಿ ಹೆಸರಿದೆಯಲ್ಲ ತಾತ."

"ಹೆಸರು ಮನೇದು. ಕೈ ನಿಮ್ ದೊಡ್ಡಮ್ಮಂದು. ಆ ಸ ಒತ್ತು ನೋಡು, ಕೊನೇಲಿ ಮೇಲಕ್ಕೆ ಎತ್ತಿದ್ದಾಳೆ. ನಾನು ಯಾವತ್ತೂ ಎತ್ತಲ್ಲ, ಇಳಿಸ್ತೀನಿ. ಅವತ್ತೇ ನೋಡಿದ್ದೆ. ನಂಗಿಂತ ಚೆನ್ನಾಗಿದೆ ಅನ್ನಿಸ್ತು."

ದೊಡ್ಡಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಫೋಟೋ ಕಳಿಸಿದೆ. ಅವರು ನೋಡಿ ಮಾತೇ ಆಡಲಿಲ್ಲ. ತಾತ ಫೋನಿನ ತೀರ ಹತ್ತಿರ ಮುಖ ತಂದು "ಒತ್ತು ಚೆನ್ನಾಗಿ ಬಂದಿದೆ ಕಣಮ್ಮ" ಅಂದರು. 49 ವರ್ಷದ ಮೇಲೆ. ದೊಡ್ಡಮ್ಮ ಕಣ್ಣು ಒರೆಸಿಕೊಂಡು "ಹಸಿರು ಇನ್ನೂ ಇದೆಯಲ್ಲಪ್ಪ" ಅಂದರು. ಆಮೇಲೆ ಇಬ್ಬರೂ ಆ ಹಸಿರಿಗೆ ಎಷ್ಟು ಬಿಳಿ ಬೆರೆಸಿದ್ದೆವು ಅಂತ ಮಾತಾಡತೊಡಗಿದರು. ನಾನು ಫೋನನ್ನು ತಾತನ ಮುಂದೆ ಲೋಟಕ್ಕೆ ಒರಗಿಸಿಟ್ಟು ಒಳಗೆ ಹೋದೆ.

ತಾತ ಹೋದದ್ದು ಏಪ್ರಿಲ್‌ನಲ್ಲಿ. ಹನ್ನೊಂದನೇ ದಿನದ ಮಾರನೇ ಬೆಳಗ್ಗೆ ದೊಡ್ಡಮ್ಮ ಊರಿಗೆ ಹೊರಡುವ ಮುಂಚೆ "ಆ ಗಲ್ಲಿಗೆ ಒಂದ್ಸಲ ಕರ್ಕೊಂಡು ಹೋಗ್ತೀಯಾ?" ಅಂದರು. ಹೋದೆವು. ಗೋಡೆಗೆ ಸಿಮೆಂಟ್ ಬಳಿದು ಅದರ ಮೇಲೆ ಹೊಸ ಬೋರ್ಡ್ ಹಾಕಿದ್ದರು. ಅಂಗಡಿ ಇನ್ನೂ ತೆರೆದಿರಲಿಲ್ಲ. ದೊಡ್ಡಮ್ಮ ಷಟರ್ ಹತ್ತಿರ ಹೋಗಿ, ಅಜ್ಜಿ ನಿಂತ ಜಾಗ ಇದು ಅಂತ ಕಾಲಲ್ಲಿ ತೋರಿಸಿದರು. ಆಮೇಲೆ ಕತ್ತೆತ್ತಿ, ಕೈಯನ್ನು ತಲೆಯ ಮೇಲಕ್ಕೆ ಚಾಚಿ, ಬೋರ್ಡಿನ ಕೆಳಗಿನ ಅಂಚಿಗೆ ಬೆರಳು ಹಿಡಿದರು.

"ಏಣಿಯ ನಾಲ್ಕನೇ ಮೆಟ್ಟಿಲು. ಅಲ್ಲಿ ನಿಂತ್ರೆ ಒತ್ತು ಸರಿಯಾಗಿ ನನ್ ಎದೆ ಮಟ್ಟಕ್ಕೆ ಬರ್ತಿತ್ತು."